ಗುಲ್ಮಾರ್ಗ್‌ನಲ್ಲಿ ಮೈ ಕೊರೆಯುವ ಚಳಿ ಇದ್ದರೆ ದಿನ ಹೇಗೆ ಕಳೆಯುವುದು?

ಡಿಸೆಂಬರ್ 21ರಿಂದ ನಲವತ್ತು ದಿನ ಕಾಶ್ಮೀರದಲ್ಲಿ ಚಿಲ್ಲಾಯಿ ಕಲಾನ್, ಅಂದರೆ ದೊಡ್ಡ ಚಳಿ. ಹಿಮ ನೋಡಬೇಕು ಅಂತ ನಮ್ಮವರು ಬೆಂಗಳೂರಿಂದ ಟಿಕೆಟ್ ಮಾಡಿಸುವುದೂ ಇದೇ ಹೊತ್ತಿಗೆ. ಬೆಳಿಗ್ಗೆ ಎದ್ದರೆ ಮೈನಸ್ ಹತ್ತು! ದುಡ್ಡು ಕೊಟ್ಟಾಗಿದೆಯಲ್ಲ ಅಂತ ಎಂಟು ಗಂಟೆಗೇ ಹೊರಡಬೇಡಿ. ನಾನು ಹೊರಟು ಕೆಟ್ಟೆ.

ಬಾಡಿಗೆ ಗಮ್‌ಬೂಟು ಒಳಗೆ ಒದ್ದೆ ಇತ್ತು, ನೋಡದೆ ಕಾಲು ತೂರಿಸಿದೆ, ಅರ್ಧ ಗಂಟೆಗೆ ಹೆಬ್ಬೆರಳು ಇದೆಯೋ ಇಲ್ಲವೋ ಅನ್ನುವ ಹಾಗಾಯಿತು. ಹಾಗಾಗಿ ಮೊದಲು ಬೂಟಿನೊಳಗೆ ಕೈ ಹಾಕಿ ನೋಡಿ. ಕಾಟನ್ ಸಾಕ್ಸ್ ಬೇಡ, ಬೆವರು ಹಿಡಿದುಕೊಳ್ಳುತ್ತದೆ. ಉಣ್ಣೆಯದು ಒಂದು ಜೊತೆ ಕಾಲಿಗೆ, ಇನ್ನೊಂದು ಜಾಕೆಟ್ಟಿನ ಒಳಜೇಬಿಗೆ. ಫೋನೂ ಅಲ್ಲೇ ಇರಲಿ, ಚಳಿಗೆ ಬ್ಯಾಟರಿ ಬೇಗ ಕೂತುಬಿಡುತ್ತದೆ. ಅಂದ ಹಾಗೆ, ನಮ್ಮ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು.

ಹೊರಗೆ ಹೋಗುವುದಾದರೆ ಹನ್ನೊಂದರಿಂದ ಎರಡೂವರೆಯೊಳಗೆ. ಗೊಂಡೋಲಾ, ಅಂದರೆ ಕೇಬಲ್ ಕಾರು, ಎರಡು ಹಂತ: ಮೊದಲನೆಯದು ಕೊಂಗ್‌ಡೂರಿಗೆ, ಎರಡನೆಯದು ಅಫರ್ವಾತ್ ಬೆಟ್ಟಕ್ಕೆ, ಹತ್ತಿರ ಹತ್ತಿರ 3,900 ಮೀಟರ್. ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರು ಡಿಗ್ರಿ ಇಳಿಯುತ್ತದೆ, ಗುಲ್ಮಾರ್ಗ್ ಇರುವುದು 2,650ರಲ್ಲಿ, ನೀವೇ ಲೆಕ್ಕ ಹಾಕಿ. ಮೇಲೆ ಗಾಳಿ ಬೇರೆ. ಅಂಥ ದಿನ ಮೊದಲ ಹಂತವೇ ಸಾಕು.

ಸ್ಲೆಡ್ಜ್ ಹತ್ತಬೇಡಿ. ಎಳೆಯುವವನಿಗೆ ಬೆವರು, ಸುಮ್ನೆ ಕೂತ ನಿಮಗೆ ನಡುಕ. ಅದರ ಬದಲು ಒಬ್ಬ ಗುರುವನ್ನು ಹಿಡಿದು ಕೆಳಗಿನ ಸಣ್ಣ ಇಳಿಜಾರಿನಲ್ಲಿ ಒಂದು ಗಂಟೆ ಸ್ಕೀ ಕಲಿಯಿರಿ. ಬೀಳುವುದು, ಏಳುವುದು, ಮತ್ತೆ ಬೀಳುವುದು, ಇದರಲ್ಲೇ ಮೈ ಬಿಸಿಯಾಗುತ್ತದೆ. ಅದೂ ಬೇಡವಾದರೆ 1902ರ ಸೇಂಟ್ ಮೇರಿಸ್ ಚರ್ಚ್‌ವರೆಗೆ ನಡೆದು ಬನ್ನಿ. ಬೆರಳ ತುದಿ ಬಿಳಿಚಿ ಮರಗಟ್ಟಿತಾ? ಹಿಮದಿಂದ ಉಜ್ಜಬೇಡಿ, ಬೆಂಕಿಗೂ ಒಡ್ಡಬೇಡಿ. ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬನ್ನಿ.

ನನ್ನ ಮಟ್ಟಿಗೆ ಚಳಿ ದಿನದ ನಿಜವಾದ ಮಜಾ ಒಳಗೇ. ಹೋಟೆಲಿನವರ ಹತ್ತಿರ ಫೆರನ್ ಮತ್ತು ಕಾಂಗ್ಡಿ ಕೇಳಿ. ಫೆರನ್ ಅಂದರೆ ಕಾಶ್ಮೀರದವರ ಉದ್ದನೆಯ ಸಡಿಲ ನಿಲುವಂಗಿ. ಕಾಂಗ್ಡಿ ಅಂದರೆ ಹಿಡಿಕೆ ಇರುವ ಪುಟ್ಟ ಅಗ್ಗಿಷ್ಟಿಕೆ: ಹೊರಗೆ ಬೆತ್ತದಂಥ ಹೆಣಿಗೆ, ಒಳಗೆ ಮಣ್ಣಿನ ಕುಡಿಕೆ, ಅದರಲ್ಲಿ ಬೂದಿ ಮುಚ್ಚಿದ ಕೆಂಡ. ಪಕ್ಕದಲ್ಲಿ ಒಂದು ಸಣ್ಣ ಚಮಚ ತೂಗುತ್ತಿರುತ್ತದೆ, ಬೂದಿ ಸರಿಸಿದರೆ ಕಾವು ಏರುತ್ತದೆ. ಫೆರನ್ ಒಳಗೆ ಹೊಟ್ಟೆ ಹತ್ತಿರ ಇಟ್ಟುಕೊಂಡು ಕೂತರೆ ಏಳುವ ಮನಸ್ಸೇ ಬರುವುದಿಲ್ಲ. ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಂಡು ಮಲಗಬೇಡಿ, ಕೆಂಡದ ವಿಷಗಾಳಿ ಪ್ರಾಣ ತೆಗೆಯುತ್ತದೆ.

ಜೊತೆಗೆ ನೂನ್ ಚಾಯ್ ಕೇಳಿ. ನೂನ್ ಅಂದರೆ ಉಪ್ಪು. ಅಡುಗೆ ಸೋಡಾ ಹಾಕಿ ತುಂಬಾ ಹೊತ್ತು ಕುದಿಸಿದ ಗುಲಾಬಿ ಬಣ್ಣದ ಟೀ, ಮೊದಲ ಗುಟುಕಿಗೆ ಮುಖ ಕಿವುಚುತ್ತೀರಿ, ಕಂಡೂರ್‌ನ, ಅಂದರೆ ಅಲ್ಲಿನ ರೊಟ್ಟಿ ಸುಡುವವನ, ಬಿಸಿ ರೊಟ್ಟಿ ಅದ್ದಿಕೊಂಡರೆ ಸರಿಹೋಗುತ್ತದೆ. ಸಿಹಿಯೇ ಬೇಕಾದರೆ ಕೇಸರಿ, ಬಾದಾಮಿ ಹಾಕಿದ ಕಹ್ವಾ ಇದೆ.

ಎರಡನೇ ದಿನವೂ ಗಾಳಿ ನಿಲ್ಲದಿದ್ದರೆ ಶ್ರೀನಗರಕ್ಕೆ ಇಳಿದುಬಿಡಿ, ಐವತ್ತು ಕಿಲೋಮೀಟರ್ ಅಷ್ಟೇ. ರಸ್ತೆಯಲ್ಲಿ ಹಿಮ ಇದ್ದರೆ ಬೆಟ್ಟದ ಬುಡದ ತಂಗ್‌ಮಾರ್ಗ್ ಊರಿನವರೆಗೆ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿಯೇ ಬೇಕು. ರಾತ್ರಿ ಶ್ರೀನಗರದಲ್ಲೇ ಉಳಿದು, ಬೆಳಿಗ್ಗೆ ಬೇಗ ಹಳೇ ಪೇಟೆಗೆ ಹೋದರೆ ಹರೀಸಾ ಸಿಗುತ್ತದೆ, ರಾತ್ರಿಯಿಡೀ ಬೇಯಿಸಿ ಕುಟ್ಟಿದ ಮಟನ್. ಮಾಂಸ ತಿನ್ನದವರಿಗೆ ತಾವರೆ ದಂಟನ್ನು ಹಿಟ್ಟಿನಲ್ಲಿ ಅದ್ದಿ ಕರಿದ ನದ್ರು ಮೊಂಜೆ. ನಮ್ಮ ಬಜ್ಜಿಯ ತಮ್ಮ ಅನ್ನಿ.