ಒಂದೇ ಗ್ರಾಫಿಕ್ಸ್ ಕಾರ್ಡ್, ಡೆಸ್ಕ್‌ಟಾಪ್ ಪೂರ್ತಿ ವಿಎಂ ಒಳಗೆ: ನನ್ನ ಅನುಭವ

"ಇರೋ ಒಂದೇ ಕಾರ್ಡನ್ನು ವಿಎಂಗೆ ಕೊಟ್ಟುಬಿಟ್ಟರೆ ಹೋಸ್ಟಿಗೆ ಸ್ಕ್ರೀನೇ ಇರಲ್ಲ, ಕೈಕಟ್ಟಿ ಕೂರ್ತೀಯ" ಅಂತ ಗೆಳೆಯರೆಲ್ಲ ಹೇಳಿದ್ದರು. (ವಿಎಂ ಅಥವಾ ಗೆಸ್ಟ್ ಅಂದರೆ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರಿನಿಂದ ಓಡುವ ಇನ್ನೊಂದು ಕಂಪ್ಯೂಟರ್; ಅದನ್ನು ಓಡಿಸುವ ನಿಜವಾದ ಮಷೀನ್ ಹೋಸ್ಟ್.) ಈಗ ವರ್ಷದ ಹತ್ತಿರ ಆಯಿತು, ನನ್ನ ಇಡೀ ಕೆಲಸ ಹಾಗೇ ನಡೀತಿದೆ.

ಹೋಸ್ಟ್‌ನಲ್ಲಿ ಬರೀ ಡೆಬಿಯನ್ 12 ಲಿನಕ್ಸ್, ವಿಎಂ ಓಡಿಸುವ ಕೆವಿಎಂ, ದೂರದಿಂದ ಲಾಗಿನ್ ಆಗಲು ಎಸ್‌ಎಸ್‌ಎಚ್. ಬ್ರೌಸರ್, ಮೇಲ್, ಯಾರೋ ಕಳಿಸಿದ ಪಿಡಿಎಫ್ ಎಲ್ಲ ಗೆಸ್ಟ್ ಒಳಗೆ. ಲಿನಕ್ಸಿನ ಹಳೇ ಪರದೆ ವ್ಯವಸ್ಥೆ ಎಕ್ಸ್11ನಲ್ಲಿ ಒಂದು ಪ್ರೋಗ್ರಾಂ ಪಕ್ಕದ ಪ್ರೋಗ್ರಾಂನಲ್ಲಿ ಒತ್ತಿದ ಕೀಲಿಗಳನ್ನು ಸುಮ್ನೆ ಓದಬಹುದು ಅಲ್ವಾ, ಅದಕ್ಕೇ ಬ್ಯಾಕಪ್ಪು, ಸೈನಿಂಗ್ ಕೀಗಳು (ಡಿಜಿಟಲ್ ಸಹಿಯ ಗುಟ್ಟಿನ ಕೀಗಳು) ಗೆಸ್ಟ್ ಕಡೆ ಇರಲೇಬಾರದು ಅನ್ನೋದು ನನ್ನ ಹಟ.

ರೈಜೆನ್ 5 3600, ಬಿ450 ಬೋರ್ಡ್, 32 ಜಿಬಿ ರ‍್ಯಾಮ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಆರ್‌ಎಕ್ಸ್ 580 ಏಳೂವರೆ ಸಾವಿರದ ಆಸುಪಾಸಿಗೆ ಸಿಕ್ಕಿತು. ಅದಕ್ಕೂ ಮೊದಲು ಹೋಸ್ಟಿಗೆಂದು ಮೂರೂವರೆ ಸಾವಿರ ಕೊಟ್ಟು ಜಿಟಿ 710 ಅನ್ನೋ ಇನ್ನೊಂದು ಕಾರ್ಡ್ ತಂದಿದ್ದೆ. ಫರ್ಮ್‌ವೇರ್ ಬೂಟ್ ಪರದೆಗೆ ಯಾವಾಗಲೂ ಮೊದಲ ಸ್ಲಾಟಿನ ಕಾರ್ಡನ್ನೇ ಹಿಡಿಯುತ್ತಿತ್ತು, ಬದಲಿಸುವ ಆಯ್ಕೆಯೇ ಇರಲಿಲ್ಲ. ಹಾಗಾಗಿ ಜಿಟಿ 710 ಅನ್ನು ಅರ್ಧ ಬೆಲೆಗೆ ಮಾರಿದೆ.

ಕಾರ್ಡನ್ನೂ ಅದರ ಆಡಿಯೋ ಭಾಗವನ್ನೂ ವಿಎಂಗೆ ಡಿವೈಸ್ ಒಪ್ಪಿಸುವ ಡ್ರೈವರ್ ವಿಎಫ್‌ಐಒಗೆ ಕಟ್ಟಿದ ಮೇಲೂ ಪರದೆ ಕಪ್ಪು. ಕರ್ನಲ್ (ಲಿನಕ್ಸಿನ ತಿರುಳು) ಬರೆಯುವ ಲಾಗ್ ಡಿಮೆಸೇಜ್‌ನಲ್ಲಿ 'ಬಾರ್ 0 ಕಾಂಟ್ ರಿಸರ್ವ್' (ಕಾರ್ಡಿನ ಮೆಮೊರಿ ಜಾಗ ಕಾದಿರಿಸಲಾಗದು) ಅನ್ನೋ ಸಾಲು ಸಾವಿರಗಟ್ಟಲೆ. ಯಾವ ಮೆಮೊರಿ ಯಾರ ಕೈಲಿದೆ ಅಂತ ತೋರಿಸುವ ಐಒಮೆಮ್ ಫೈಲ್ ತೆರೆದರೆ ಕಾರ್ಡಿನ ಮೆಮೊರಿ ಮೇಲೆ 'ಬೂಟ್‌ಎಫ್‌ಬಿ' ಕೂತಿದೆ. ಬೂಟ್ ಆಗುವಾಗ ಮೂಡಿಸಿದ ಪರದೆಯನ್ನು ಕರ್ನಲ್ ಬಿಟ್ಟುಕೊಟ್ಟೇ ಇರಲಿಲ್ಲ. ಆ ಪರದೆಯ ಡ್ರೈವರ್ ಇಎಫ್‌ಐಎಫ್‌ಬಿ ಆಫ್ ಮಾಡುವ ಹಳೇ ಬೂಟ್ ಸಾಲು ಈ ಕರ್ನಲ್‌ನಲ್ಲಿ ಕೆಲಸಕ್ಕೆ ಬರಲಿಲ್ಲ. ಅದನ್ನು ಸಿದ್ಧಪಡಿಸುವ ಸಿಸ್‌ಎಫ್‌ಬಿ ಇನಿಟ್ ಅನ್ನೇ ಇನಿಟ್‌ಕಾಲ್ ಬ್ಲ್ಯಾಕ್‌ಲಿಸ್ಟಿಗೆ (ಬೂಟ್‌ನಲ್ಲಿ ಓಡಬಾರದವುಗಳ ಪಟ್ಟಿಗೆ) ಹಾಕಿದೆ, ಪರದೆ ಬಂತು.

ಆಮೇಲೆ ಶುರುವಾಗಿದ್ದು ಆರ್‌ಎಕ್ಸ್ 580 ಸೇರಿದ ಪೊಲಾರಿಸ್ ಪೀಳಿಗೆಯ ಕಾರ್ಡುಗಳ ಹಳೇ ರೋಗ. ಗೆಸ್ಟ್ ಒಮ್ಮೆ ಆಫ್ ಆದರೆ ಕಾರ್ಡ್ ರಿಸೆಟ್ ಆಗದು, ಇಡೀ ಮಷೀನ್ ರೀಬೂಟ್ ಮಾಡಬೇಕು. ಇದಕ್ಕೆಂದೇ ಇರುವ ವೆಂಡರ್‌-ರಿಸೆಟ್ ಮಾಡ್ಯೂಲ್ ಹಾಕಿದರೂ ಅದೇ ಕಥೆ. ಕರ್ನಲ್ 5.15ರಿಂದೀಚೆ ಮಾಡ್ಯೂಲ್ ಲೋಡ್ ಆದರಷ್ಟೇ ಸಾಲದು, ಕಾರ್ಡಿನ ರಿಸೆಟ್‌ ಮೆಥಡ್ ಫೈಲಿಗೆ 'ಡಿವೈಸ್ ಸ್ಪೆಸಿಫಿಕ್' ಅಂತ ಬರೆಯಬೇಕು. ಇದನ್ನು ಹಿಡಿಯಲು ವಾರಾಂತ್ಯಗಳೇ ಹೋದವು. ಅದನ್ನು ಯಾವ ಹೊತ್ತಿಗೆ ಬರೆಯಬೇಕು ಅನ್ನೋದಕ್ಕೆ ನನ್ನದೇ ಒಂದು ಸಣ್ಣ ಹುಕ್ (ಸ್ಕ್ರಿಪ್ಟ್) ಇದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ.

ಯುಎಸ್‌ಬಿಗೆ ಇಡೀ ಕಂಟ್ರೋಲರನ್ನೇ ಗೆಸ್ಟಿಗೆ ಕೊಟ್ಟೆ. ಸಿಪಿಯು ಒಳಗಿನ ಕಂಟ್ರೋಲರ್ ನನ್ನ ಬೋರ್ಡಿನಲ್ಲಿ ಬೇರೆ ಐಒಎಂಎಂಯು ಗ್ರೂಪಿನಲ್ಲಿದೆ (ಡಿವೈಸುಗಳು ಯಾವ ಮೆಮೊರಿ ಮುಟ್ಟಬಹುದು ಅಂತ ಕಾಯುವುದು ಐಒಎಂಎಂಯು; ಒಂದು ಗ್ರೂಪಿನವನ್ನು ಒಟ್ಟಿಗೇ ವಿಎಂಗೆ ಕೊಡಬೇಕು). ಚಿಪ್‌ಸೆಟ್‌ನದ್ದು ಸಾಟಾ, ಲ್ಯಾನ್ ಜೊತೆ ಒಂದೇ ಗ್ರೂಪಿನಲ್ಲಿ ಸಿಕ್ಕಿಕೊಂಡಿದೆ. ಎಸಿಎಸ್ ಓವರ್‌ರೈಡ್ ಪ್ಯಾಚ್ ಹಾಕು ಅಂದವರು ಬಹಳ ಜನ. ಆ ಪ್ಯಾಚ್ ಗ್ರೂಪನ್ನು ಕಾಗದದ ಮೇಲೆ ಒಡೆಯುತ್ತದೆ ಅಷ್ಟೆ, ಡಿವೈಸುಗಳು ಐಒಎಂಎಂಯು ತಪ್ಪಿಸಿ ಪರಸ್ಪರ ಮಾತಾಡುವ ದಾರಿ ಹಾಗೇ ಇರುತ್ತದೆ. ಗೇಮ್ ಆಡುವವರಿಗೆ ಪರವಾಗಿಲ್ಲ. ಪ್ರತ್ಯೇಕಿಸುವುದೇ ಗುರಿ ಆದವರು ಅದನ್ನು ಮುಟ್ಟಬಾರದು.

ನಡುವೆ ಹ್ಯೂಜ್‌ಪೇಜ್ (ದೊಡ್ಡ ತುಂಡುಗಳಲ್ಲಿ ಮೆಮೊರಿ) ಹಾಕಿ ನೋಡಿದೆ, ದಿನದ ಕೆಲಸದಲ್ಲಿ ವ್ಯತ್ಯಾಸವೇ ತಿಳಿಯಲಿಲ್ಲ, ತೆಗೆದೆ. ಗೆಸ್ಟಿಗೆ ಸಿಪಿಯುನ ನಾಲ್ಕು ಕೋರ್ ಪಿನ್ ಮಾಡಿದ್ದು (ಕಟ್ಟಿಹಾಕಿದ್ದು) ಮಾತ್ರ ಫಲ ಕೊಟ್ಟಿತು, ಕಂಪೈಲ್ ನಡೆಯುವಾಗ ಆಡಿಯೋ ಚಟಚಟ ಅನ್ನೋದು ನಿಂತಿತು. ಸಾಫ್ಟ್‌ವೇರ್ ಕಾರ್ಡಾದ ವರ್ಟಿಯೋ-ಜಿಪಿಯುನಲ್ಲಿ ತೊದಲುತ್ತಿದ್ದ 4ಕೆ ವಿಡಿಯೋ ಈಗ ವಿಎಂ ಇಲ್ಲದ ಬೇರ್ ಮೆಟಲ್‌ನಷ್ಟೇ ಸಲೀಸು.

ಪ್ರತಿ ಸೋಮವಾರ ಗೆಸ್ಟ್‌ನ ಸಿಸ್ಟಮ್ ಇರುವ ರೂಟ್ ಡಿಸ್ಕನ್ನು ಹಳೇ ಎಲ್‌ವಿಎಂ ಸ್ನ್ಯಾಪ್‌ಶಾಟಿಗೆ (ಮೊದಲೇ ಉಳಿಸಿಟ್ಟ ಸ್ಥಿತಿಗೆ) ವಾಪಸ್ ಎಳೆಯುತ್ತೇನೆ, ನನ್ನ ಫೈಲುಗಳಿರುವ ಹೋಮ್ ಬೇರೆ ಡಿಸ್ಕ್. ಗೆಸ್ಟ್ ಹ್ಯಾಂಗ್ ಆದರೆ ಫೋನಿನ ಟರ್ಮಿನಲ್ ಆಪ್ ಟರ್ಮಕ್ಸ್‌ನಿಂದ ಹೋಸ್ಟಿಗೆ ಎಸ್‌ಎಸ್‌ಎಚ್ ಮಾಡಿ ವಿರ್ಶ್ ಡೆಸ್ಟ್ರಾಯ್ (ವಿಎಂ ಬಲವಂತದ ಆಫ್), ವಿರ್ಶ್ ಸ್ಟಾರ್ಟ್. ಅರ್ಧ ನಿಮಿಷದಲ್ಲಿ ಲಾಗಿನ್ ಪರದೆ.