ಹಲ್ಲು ಕೀಳಿಸೋಕೆ ಮಂಗಳವಾರ: ಡಯಾಲಿಸಿಸ್ ನಡುವೆ ನನ್ನ ಬಾಯಿಯ ಪಾಡು

ಸೋಮ, ಬುಧ, ಶುಕ್ರ. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ 4 ಗಂಟೆ ಡಯಾಲಿಸಿಸ್ ಮೆಷಿನ್ ಪಕ್ಕ ಮಲಗುತ್ತೇನೆ. ನನ್ನ ಕಿಡ್ನಿ ಕೆಟ್ಟಿದೆ, ರಕ್ತ ಶುದ್ಧ ಮಾಡೋದು ಈ ಮೆಷಿನ್ನೇ. ಮೊದಲ ವರ್ಷ ಪೊಟ್ಯಾಸಿಯಂ ಎಷ್ಟು, ತೂಕ ಎಷ್ಟು ಏರಿತು ಅನ್ನೋದೇ ತಲೆತುಂಬ. ಬಾಯಿ ಕಡೆ ಗಮನವೇ ಇರಲಿಲ್ಲ.

ಒಂದು ಸೋಮವಾರ ದವಡೆ ಹಲ್ಲಿನ ನೋವು ತಡೆಯಲಾಗಲಿಲ್ಲ. ಹೇಗೂ ಮನೆಯಿಂದ ಹೊರಗೆ ಬಂದಿದ್ದೇನೆ ಅಂತ ಡಯಾಲಿಸಿಸ್ ಮುಗಿಸಿ ಸೀದಾ ಹಲ್ಲಿನ ಡಾಕ್ಟರ್ ಹತ್ತಿರ ಹೋದೆ. ಶುಗರ್, ಬಿಪಿ ಇದೆಯಾ ಅಂತ ಕೇಳಿದರು. ಬಿಪಿ ಇದೆ ಅಂದೆ. ಕಿಡ್ನಿ ವಿಷಯ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಡಯಾಲಿಸಿಸ್ ಸೂಜಿ ಚುಚ್ಚಿದ ಜಾಗದ ಬ್ಯಾಂಡೇಜ್ ಉದ್ದ ತೋಳಿನ ಅಂಗಿಯೊಳಗಿತ್ತು. ಹಲ್ಲಿಗೂ ಕಿಡ್ನಿಗೂ ಏನು ಸಂಬಂಧ, ಅಲ್ವಾ?

ಹಲ್ಲೇನೋ ಸಲೀಸಾಗಿ ಬಂತು. ರಕ್ತ ನಿಲ್ಲಲಿಲ್ಲ. ಹತ್ತಿ ಕಚ್ಚಿ ಕೂತೆ. ಅರ್ಧ ಗಂಟೆ ಬಿಟ್ಟು ತೆಗೆದರೆ ಹತ್ತಿ ಪೂರ್ತಿ ಕೆಂಪು. ಇನ್ನೊಂದು ಇಟ್ಟೆ, ಅದೂ ಹಾಗೇ. ರಾತ್ರಿ ದಿಂಬಿನ ಮೇಲೆ ಟವೆಲ್ ಹಾಸಿ, ಒರಗಿ ಕೂತೇ ಬೆಳಗು ಮಾಡಿದೆ.

ಬುಧವಾರ ನರ್ಸ್ ನನ್ನ ಬಾಯಿ ನೋಡಿ ಬೈದರು. ಮೆಷಿನ್ನಿನ ಪೈಪಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ಹೆಪಾರಿನ್ ಕೊಡುತ್ತಾರೆ. ಅದರ ಪ್ರಭಾವ ಇಳಿಯಲು ಕೆಲವು ಗಂಟೆ ಬೇಕು. ಜೊತೆಗೆ ಕಿಡ್ನಿ ಕೆಟ್ಟವರಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳ, ಅಂದರೆ ಪ್ಲೇಟ್‌ಲೆಟ್‌ಗಳ, ಎಣಿಕೆ ಸರಿ ಇದ್ದರೂ ಅವು ಅಂಟಿಕೊಳ್ಳುವ ಕೆಲಸ ಸರಿಯಾಗಿ ಮಾಡಲ್ಲ. ಅವತ್ತು ಹೆಪಾರಿನ್ ಇಲ್ಲದೆಯೇ ಮೆಷಿನ್ ಓಡಿಸಿದರು.

ಎರಡನೇ ಹಲ್ಲಿಗೆ ಮಂಗಳವಾರ ಹೋದೆ. ಡಯಾಲಿಸಿಸ್ ಮರುದಿನ ಹೆಪಾರಿನ್ ಇರಲ್ಲ, ರಕ್ತದಲ್ಲಿ ಕಲ್ಮಶವೂ ಕಡಿಮೆ. ಕಿಡ್ನಿ ಡಾಕ್ಟರ್ ಹತ್ತಿರ ಒಂದು ಚೀಟಿ ಬರೆಸಿಕೊಂಡಿದ್ದೆ: ನನ್ನ ಮಾತ್ರೆಗಳು, ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಜೋಡಿಸಿದ ರಕ್ತನಾಳ) ಇರುವ ಎಡಗೈಗೆ ಬಿಪಿ ಪಟ್ಟಿ ಕಟ್ಟಬಾರದು, ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ, ಆ್ಯಂಟಿಬಯಾಟಿಕ್ ಕೊಡುವುದಾದರೆ ಡೋಸ್ ಕೇಳಿಕೊಂಡು ಕೊಡಿ. ಹಲ್ಲಿನ ಡಾಕ್ಟರ್ ಅದನ್ನು ಎರಡು ಸಲ ಓದಿದರು. ಕಿತ್ತ ಜಾಗಕ್ಕೆ ಹೊಲಿಗೆ ಹಾಕಿ, ರಕ್ತ ನಿಂತ ಮೇಲೇ ಏಳಲು ಬಿಟ್ಟರು.

ಬಿಪಿಗೆ ತೆಗೆದುಕೊಳ್ಳುತ್ತಿದ್ದ ಅಮ್ಲೋಡಿಪಿನ್‌ನಿಂದ ವಸಡು ಊದಿರಬಹುದು ಅಂತ ಗುರುತಿಸಿದ್ದೂ ಅವರೇ. ನಾನು ಸುಮ್ನೆ ನಿಲ್ಲಿಸಲಿಲ್ಲ, ಕಿಡ್ನಿ ಡಾಕ್ಟರೇ ಬೇರೆ ಮಾತ್ರೆಗೆ ಬದಲಾಯಿಸಿದರು.

ನಿಜವಾದ ಕಾಟ ಮಾತ್ರ ದಿನಾ ಬಾಯಿ ಒಣಗುವುದು. ಹೆಚ್ಚಾದ ನೀರನ್ನು ಕಿಡ್ನಿ ಹೊರಹಾಕಲ್ಲ, ಅದಕ್ಕೇ ಕುಡಿಯುವ ನೀರಿಗೆ ಲೆಕ್ಕ ಇದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತದೆ. ಮೊದಮೊದಲು ಸಕ್ಕರೆ ಪೆಪ್ಪರ್‌ಮಿಂಟ್ ಚೀಪುತ್ತಿದ್ದೆ. ಆ ದವಡೆ ಹಲ್ಲು ಹಾಳಾಗಿದ್ದು ಅದರಿಂದಲೇ ಅಂತ ನನ್ನ ಗುಮಾನಿ. ಈಗ ದಿನದ ನೀರಿನ ಪಾಲಲ್ಲೇ ಒಂದಿಷ್ಟು ಅಳೆದು ಐಸ್ ಟ್ರೇಗೆ ಹಾಕಿಡುತ್ತೇನೆ. ನನ್ನ ಟ್ರೇಯ ಒಂದು ತುಂಡು ಕರಗಿದರೆ 15 ಎಂಎಲ್. ಅಷ್ಟೇ ನೀರು ಕುಡಿದರೆ ಒಂದು ಗುಟುಕು, ಚೀಪಿದರೆ ಹತ್ತು ನಿಮಿಷ. ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಕೂಡ ಜೊಲ್ಲು ಬರಿಸುತ್ತದೆ. ನೀರು ಮುಕ್ಕಳಿಸಿ ಉಗಿಯಬಹುದು, ಆದರೆ ಬಾಯಾರಿದವನಿಗೆ ಬಾಯಲ್ಲಿರುವ ನೀರು ಉಗಿಯುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ! ಮೌತ್‌ವಾಶ್ ಬೇಕೆಂದರೆ ಆಲ್ಕೋಹಾಲ್ ಇಲ್ಲದ್ದು. ಇದ್ದರೆ ಬಾಯಿ ಇನ್ನೂ ಒಣಗುತ್ತದೆ.

ಬಾಯಿ ವಾಸನೆ ಬ್ರಷ್ ಮಾಡಿದರೂ ಪೂರ್ತಿ ಹೋಗಲ್ಲ. ರಕ್ತದ ಕಲ್ಮಶವಾದ ಯೂರಿಯಾ ಜೊಲ್ಲಿಗೆ ಬಂದು, ಅಲ್ಲಿ ಒಡೆದು ಅಮೋನಿಯಾ ಆಗುತ್ತದೆ, ಅದರ ವಾಸನೆ ಅದು. ಇದು ಗೊತ್ತಾದ ಮೇಲೆ ಹಲ್ಲನ್ನು ಗಸಗಸ ಉಜ್ಜುವುದು ಬಿಟ್ಟೆ. ಮೆತ್ತನೆ ಬ್ರಷ್, ಫ್ಲೋರೈಡ್ ಪೇಸ್ಟ್, ದಿನಕ್ಕೆ ಎರಡು ಸಲ. ಹಲ್ಲಿಗೆ ಗಾರೆ (ಗಟ್ಟಿಯಾದ ಪಾಚಿ) ಮಾತ್ರ ಬೇಗ ಕಟ್ಟುತ್ತದೆ. ಅದನ್ನು ಕ್ಲೀನ್ ಮಾಡಿಸುವುದೂ ಮಂಗಳವಾರ ಅಥವಾ ಗುರುವಾರ.

ಈಗ ಕಿಡ್ನಿ ಕಸಿಗೆ ಹೆಸರು ಕೊಡಬೇಕು. ಕಸಿಯ ನಂತರ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಕೊಡುವುದರಿಂದ ಬಾಯಲ್ಲಿ ಸೋಂಕು ಉಳಿದಿರಬಾರದು, ಹಲ್ಲಿನ ಡಾಕ್ಟರ್ ಒಪ್ಪಿಗೆ ಬೇಕು ಅಂದಿದ್ದಾರೆ. ಇನ್ನೊಂದು ಹಲ್ಲು ಬಾಕಿ ಇದೆ. ಚೀಟಿ ಹೊಸದಾಗಿ ಬರೆಸಿ ಫೈಲಿನಲ್ಲಿಟ್ಟಿದ್ದೇನೆ. ಬರುವ ಮಂಗಳವಾರ ಹತ್ತು ಗಂಟೆಗೆ.