ಸ್ವಿಚ್ ಹಾಕಿದರೂ ಲೈಟ್ ಬರುತ್ತಿಲ್ಲವೇ? ಕರೆಂಟ್ ಎಲ್ಲಿ ನಿಂತಿದೆ ನೋಡಿ

ನಮ್ಮ ಅಡುಗೆಮನೆಯ ಲೈಟ್ ಕೈಕೊಟ್ಟಾಗ ಒಂದೇ ವಾರದಲ್ಲಿ ಎರಡು ಎಲ್‌ಇಡಿ ಬಲ್ಬ್ ತಂದೆ. ಆಮೇಲೆ ಸ್ವಿಚ್ ಬದಲಿಸಿದೆ. ಊಹೂಂ. ಕೊನೆಗೆ ಹೋಲ್ಡರ್ ಒಳಗೆ ಇಣುಕಿದರೆ ಎರಡು ಪಿನ್‌ಗಳಲ್ಲಿ ಒಂದು ಕರ್ರಗಾಗಿ ಒಳಗೇ ಕೂತುಬಿಟ್ಟಿತ್ತು. ಅದರ ಸ್ಪ್ರಿಂಗ್ ಸುಟ್ಟು ಹೋಗಿತ್ತು, ಬಲ್ಬಿಗೆ ತಾಗುತ್ತಲೇ ಇರಲಿಲ್ಲ. ಕೆಟ್ಟಿದ್ದು ಹೋಲ್ಡರ್, ಬದಲಿಸಿದ್ದು ಉಳಿದೆಲ್ಲ! ಅವತ್ತಿನಿಂದ ಅಂಗಡಿಗೆ ಓಡುವ ಮುಂಚೆ ಕರೆಂಟ್ ಎಲ್ಲಿಯವರೆಗೆ ಬಂದಿದೆ ಎಂದು ನೋಡುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ.

ಶುರು ಮಾಡುವ ಮುಂಚೆ ಒಂದು ಮಾತು. ಎಂಸಿಬಿ (ತೊಂದರೆಯಾದರೆ ತಾನಾಗಿಯೇ ಆಫ್ ಆಗಿ ಬೀಳುವ ಸ್ವಿಚ್) ಆಫ್ ಮಾಡಿದ ಮಾತ್ರಕ್ಕೆ ಕರೆಂಟ್ ಹೋಯಿತು ಅಂದುಕೊಳ್ಳಬೇಡಿ. ಮನೆಯಲ್ಲಿ ಯುಪಿಎಸ್ ಇದ್ದರೆ, ಮೇನ್ ತೆಗೆದ ತಕ್ಷಣ ಅದು ಲೈಟ್ ಮತ್ತು ಫ್ಯಾನ್‌ಗಳಿಗೆ ಬ್ಯಾಟರಿಯಿಂದ ಕರೆಂಟ್ ಕೊಡಲು ಶುರು ಮಾಡುತ್ತದೆ. ಅದೇ 230 ವೋಲ್ಟ್, ಅದೇ ಶಾಕ್. ಯುಪಿಎಸ್ಸನ್ನೂ ಆಫ್ ಮಾಡಿ, ಮೇನನ್ನೂ ಆಫ್ ಮಾಡಿ. ಒಂದನ್ನು ಮಾತ್ರ ಮಾಡಿದರೆ ಸಾಲದು. ಟೆಸ್ಟರ್ (ಕರೆಂಟ್ ಇದ್ದರೆ ಒಳಗಿನ ಪುಟ್ಟ ದೀಪ ಉರಿಯುವ ಸ್ಕ್ರೂಡ್ರೈವರ್) ಸರಿ ಇದೆಯೇ ಎಂದು ಕರೆಂಟ್ ಇರುವ ಪ್ಲಗ್ ಪಾಯಿಂಟಿನಲ್ಲಿ ಮೊದಲೇ ನೋಡಿಕೊಳ್ಳಿ. ಕೆಟ್ಟ ಟೆಸ್ಟರ್ ಎಲ್ಲ ಕಡೆಯೂ ಕರೆಂಟ್ ಇಲ್ಲ ಅಂತಲೇ ಹೇಳುತ್ತದೆ, ಅಲ್ವಾ?

ಈಗ ಹುಡುಕಾಟ. ಅದೇ ಬೋರ್ಡಿನ ಫ್ಯಾನ್ ತಿರುಗುತ್ತಿದೆಯೇ? ಅದೂ ಇಲ್ಲವೆಂದರೆ ಎಂಸಿಬಿ ಬಿದ್ದಿರಬಹುದು, ಅಲ್ಲಿ ನೋಡಿ. ಲೈಟ್ ಒಂದೇ ಹೋಗಿದ್ದರೆ ಬಲ್ಬನ್ನು ಬೇರೆ ಕೋಣೆಯಲ್ಲಿ ಹಾಕಿ ನೋಡಿ. ಅಲ್ಲಿ ಉರಿದರೆ ಹೊಸ ಬಲ್ಬ್ ಬೇಡ. ಆಮೇಲೆ ಕರೆಂಟ್ ಪೂರ್ತಿ ತೆಗೆದು, ಟೆಸ್ಟರ್ ಇಟ್ಟು ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಹೋಲ್ಡರಿನ ಎರಡೂ ಪಿನ್‌ಗಳನ್ನು ಪೆನ್ಸಿಲ್ ಹಿಂಭಾಗದಿಂದ ಒತ್ತಿ. ಎರಡೂ ಟಪ್ ಎಂದು ವಾಪಸ್ ಬರಬೇಕು. ಬಾರದಿದ್ದರೆ ಹೋಲ್ಡರ್ ಬದಲಿಸಿ, ಕೆರೆದು ರಿಪೇರಿ ಮಾಡಲು ಹೋಗಬೇಡಿ.

ಹೋಲ್ಡರ್ ಸರಿ ಇದ್ದರೆ ಮುಂದಿನದು ಸ್ವಿಚ್ ಬೋರ್ಡು. ಬೋರ್ಡ್ ಬಿಚ್ಚುವುದು ಕರೆಂಟ್ ತೆಗೆದೇ. ಯಾವ ವೈರನ್ನೂ ಎಳೆಯುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಹಿಂದೆ ನೋಡಿದರೆ ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ ಚಿಕ್ಕ ಚಿಕ್ಕ ವೈರ್ ತುಂಡುಗಳು ಹೋಗಿರುತ್ತವೆ. ಅದೇ ಲೂಪ್. ಫೇಸ್, ಅಂದರೆ ಕರೆಂಟ್ ತರುವ ವೈರ್, ಒಂದು ಸ್ವಿಚ್ಚಿಗೆ ಬಂದು, ಅಲ್ಲಿಂದ ಉಳಿದವುಗಳಿಗೆ ಹಂಚಿಕೆಯಾಗುವುದು ಹೀಗೆ. ಈ ಲೂಪಿನ ಒಂದು ತುದಿ ಸಡಿಲವಾದರೆ ಪಕ್ಕದ ಸ್ವಿಚ್ ಕೆಲಸ ಮಾಡುತ್ತದೆ, ಇದು ಮಾತ್ರ ಸತ್ತಂತೆ ಇರುತ್ತದೆ.

ನಾನು ನೋಡಿದ ಮಟ್ಟಿಗೆ ಜಾಸ್ತಿ ತೊಂದರೆ ಇಲ್ಲೇ, ಸ್ಕ್ರೂ ಕೆಳಗೆ. ವೈರಿನ ಎಳೆಗಳಲ್ಲಿ ಅರ್ಧ ಮಾತ್ರ ಒಳಗೆ ಹೋಗಿ ಉಳಿದವು ಹೊರಗೆ ಮೀಸೆಯಂತೆ ನಿಂತಿರುತ್ತವೆ. ಇಲ್ಲವೇ ಸ್ಕ್ರೂ ತಾಮ್ರದ ಬದಲು ಮೇಲಿನ ಪ್ಲಾಸ್ಟಿಕ್ಕನ್ನೇ ಒತ್ತಿ ಹಿಡಿದಿರುತ್ತದೆ. ಸ್ವಿಚ್ ಹಾಕಿದಾಗ ಚಿಟಚಿಟ ಸದ್ದು, ಬೋರ್ಡ್ ಮುಟ್ಟಿದರೆ ಬಿಸಿ, ಸುಟ್ಟ ವಾಸನೆ, ಇವೆಲ್ಲ ಲೂಸ್ ಕನೆಕ್ಷನ್ನಿನ ಲಕ್ಷಣಗಳು. ಕಪ್ಪಾದ ತುದಿಯನ್ನು ಕತ್ತರಿಸಿ, ತಾಮ್ರ ಹೊಳೆಯುವಲ್ಲಿಂದ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು, ಮಡಚಿ ಒಳಗೆ ತೂರಿಸಿ ಸ್ಕ್ರೂ ಮಾಡಿ. ಆಮೇಲೆ ಮೆಲ್ಲಗೆ ಎಳೆದು ನೋಡಿ, ಬರಬಾರದು.

ಇಷ್ಟಾದರೂ ಬರಲಿಲ್ಲವೆಂದರೆ ಕರೆಂಟ್ ಹಾಕಿ ಟೆಸ್ಟರ್ ಹಿಡಿಯಬೇಕಾಗುತ್ತದೆ. ಧೈರ್ಯ ಇಲ್ಲದಿದ್ದರೆ ಇಲ್ಲಿಗೇ ಬಿಡಿ, ವೈರ್‌ಮ್ಯಾನ್ ಕರೆಯಿರಿ. ಹಿಡಿಯುವುದಾದರೆ ಒಣ ಕೈ, ಕಾಲಿಗೆ ಚಪ್ಪಲಿ. ಸ್ವಿಚ್ಚಿಗೆ ಫೇಸ್ ಬರುವ ಸ್ಕ್ರೂನಲ್ಲಿ ಟೆಸ್ಟರ್ ಯಾವಾಗಲೂ ಉರಿಯಬೇಕು. ಲೈಟಿಗೆ ಹೋಗುವ ಸ್ಕ್ರೂನಲ್ಲಿ ಸ್ವಿಚ್ ಆನ್ ಆದಾಗ ಉರಿಯಬೇಕು. ಬರುವ ಕಡೆ ಇದ್ದು, ಆನ್ ಮಾಡಿದರೂ ಹೋಗುವ ಕಡೆ ಇಲ್ಲವೆಂದರೆ ಆಗ ಸ್ವಿಚ್ ಕೆಟ್ಟಿದೆ ಎನ್ನಿ. ಎರಡೂ ಕಡೆ ಇದೆ, ಆದರೂ ಬಲ್ಬ್ ಉರಿಯುವುದಿಲ್ಲವೇ? ಮೇಲೆ ಹೋಗುವ ವೈರ್ ಮಧ್ಯೆ ತುಂಡಾಗಿರಬಹುದು, ಇಲ್ಲವೇ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ಕಟ್ಟಾಗಿರಬಹುದು. ಟೆಸ್ಟರ್ ಫೇಸ್ ಇದೆಯೋ ಇಲ್ಲವೋ ಎಂದು ಮಾತ್ರ ಹೇಳುತ್ತದೆ, ನ್ಯೂಟ್ರಲ್ ಇದೆ ಎಂದು ಹೇಳುವುದೇ ಇಲ್ಲ. ಅದಕ್ಕೆ ಎರಡು ವೈರ್‌ಗಳ ನಡುವಿನ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಬೇಕು. ಪ್ಲಗ್ ಪಾಯಿಂಟಿನ ಎರಡೂ ತೂತುಗಳಲ್ಲಿ ಟೆಸ್ಟರ್ ಉರಿದರೆ ಎರಡು ಫೇಸ್ ಬಂದಿದೆ ಎಂದು ಗಾಬರಿಯಾಗುವವರಿದ್ದಾರೆ. ಸಾಮಾನ್ಯವಾಗಿ ಆಗಿರುವುದು ಇಷ್ಟೇ: ಹಿಂದೆ ಎಲ್ಲೋ ನ್ಯೂಟ್ರಲ್ ಬಿಟ್ಟುಹೋಗಿದೆ, ಆನ್ ಆಗಿರುವ ಫ್ಯಾನಿನ ಮೂಲಕ ಅದೇ ಫೇಸ್ ಸುತ್ತಿ ಬಂದು ಇಲ್ಲಿ ನಿಂತಿದೆ.

ಇನ್ನೊಂದು ದೂರು: ಆಫ್ ಮಾಡಿದರೂ ಎಲ್‌ಇಡಿ ಬಲ್ಬ್ ಮಿಣಮಿಣ ಎನ್ನುತ್ತದೆ. ಅಮ್ಮ ಇದನ್ನು ನೋಡಿ ರಾತ್ರಿ ಫೋನ್ ಮಾಡಿದ್ದಳು, "ಏನೋ ಇದು, ದೆವ್ವ ಗಿವ್ವ ಹೊಕ್ಕಿದೆಯೇನೋ" ಅಂತ. ಸ್ವಿಚ್ಚಿನಲ್ಲಿ ಚಿಕ್ಕ ಕೆಂಪು ಇಂಡಿಕೇಟರ್ ಇದ್ದರೆ ಅದರ ಮೂಲಕ ಹರಿಯುವ ಚೂರು ಕರೆಂಟೇ ಎಲ್‌ಇಡಿಗೆ ಸಾಕು. ಹಳೆಯ ಬುರುಡೆ ಬಲ್ಬಿಗೆ ಅಷ್ಟು ಕರೆಂಟ್ ಏನೂ ಆಗುತ್ತಿರಲಿಲ್ಲ. ಇಂಡಿಕೇಟರ್ ಇಲ್ಲದಿದ್ದರೆ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ನಲ್ಲಿ ಹಾಕಿರುವ ಅನುಮಾನ. ಸ್ವಿಚ್ ಆಫ್ ಇದ್ದಾಗಲೂ ಹೋಲ್ಡರಿನಲ್ಲಿ ಟೆಸ್ಟರ್ ಜೋರಾಗಿ ಉರಿದರೆ ಅದೇ. ಇದನ್ನು ಸುಮ್ನೆ ಬಿಡಬೇಡಿ, ಆಫ್ ಮಾಡಿದ್ದೇನಲ್ಲ ಎಂದು ಬಲ್ಬ್ ಬದಲಿಸಲು ಹೋದವರಿಗೆ ಶಾಕ್ ಹೊಡೆಯುವುದು ಇಂಥ ಕಡೆಯೇ.

ಮೆಟ್ಟಿಲ ಲೈಟಿನ ಕಥೆ ಬೇರೆ. ಅಲ್ಲಿ ಕೆಳಗೊಂದು, ಮೇಲೊಂದು ಟೂ ವೇ ಸ್ವಿಚ್, ಒಂದೊಂದಕ್ಕೂ ಮೂರು ಸ್ಕ್ರೂ. ಕೆಳಗಿನದು ಒಂದು ಕಡೆ ಇದ್ದಾಗ ಮಾತ್ರ ಮೇಲಿನದು ಕೆಲಸ ಮಾಡುತ್ತಿದ್ದರೆ, ಯಾರೋ ಸ್ವಿಚ್ ಬದಲಿಸುವಾಗ ಕಾಮನ್ ವೈರನ್ನು (ಒಂದು ಸ್ವಿಚ್ಚಿನಲ್ಲಿ ಫೇಸ್ ತರುವುದು, ಇನ್ನೊಂದರಲ್ಲಿ ಲೈಟಿಗೆ ಹೋಗುವುದು) ಬೇರೆ ಸ್ಕ್ರೂಗೆ ಹಾಕಿರುತ್ತಾರೆ. ಹಳೇ ಸ್ವಿಚ್ ಬಿಚ್ಚುವಾಗಲೇ ಕಾಮನ್ ವೈರಿಗೆ ಒಂದು ತುಂಡು ಟೇಪ್ ಸುತ್ತಿಡಿ, ಏಕೆಂದರೆ ಮೂರೂ ಒಂದೇ ಬಣ್ಣದಲ್ಲಿದ್ದರೆ ಫೋಟೋ ನೋಡಿದರೂ ಗೊತ್ತಾಗುವುದಿಲ್ಲ.